ಕುರಿಮಂದೆಯ ನಾಯಕಿಯೂ ಎಪ್ಪತ್ತೈದು ಪರ್ಸೆಂಟ್ ಹಾಜರಿಯೂ

ನಲವತ್ತೈದು ದಾಟಿದ ಮೇಲೆ ಪ್ರತಿಯೊಬ್ಬರಿಗೂ ಏನಾದರೊಂದು ಬರುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಮಂಡಿನೋವು, ಇನ್ನು ಕೆಲವರಿಗೆ ಇದ್ದಕ್ಕಿದ್ದಂತೆ ಭಕ್ತಿ. ನನಗೆ ಕಾದಂಬರಿ ಬಂತು. ಅದೂ ಅಂತಿಂಥ ಕಾದಂಬರಿಯಲ್ಲ. ನನ್ನ ವಯಸ್ಸಿನ ಹೆಂಗಸು ಬರೆಯಲು ಕೂತರೆ ಅತ್ತೆ, ನಾದಿನಿ, ತವರುಮನೆಯ ಬಾವಿಕಟ್ಟೆ ಎಂದು ಜನ ಮೊದಲೇ ತೀರ್ಮಾನಿಸಿರುತ್ತಾರೆ. ನಾನು ಅದನ್ನೆಲ್ಲ ಪಕ್ಕಕ್ಕೆ ಸರಿಸಿ, ಹದಿನೈದು ವರ್ಷದ ಹುಡುಗಿಯೊಬ್ಬಳು ಬೂದಿಯಾದ ಊರಿನಿಂದ ಹೊರಟು, ಹಸಿದು, ಗಾಯಗೊಂಡು, ಮಾಯಾವಿಗಳೊಡನೆ ಬಡಿದಾಡಿ ದೊಡ್ಡವಳಾಗುವ ಕಥೆಯನ್ನು ಹಿಡಿದೆ. ಹದಿಹರೆಯದ ಓದುಗರಿಗಾಗಿ. ಬರೆಯಲು ಬರುತ್ತದೋ ಇಲ್ಲವೋ ಎಂಬ ಸಂಶಯ ನನಗೆ ಒಂದು ಕ್ಷಣವೂ ಬರಲಿಲ್ಲ. ಸಂಶಯ ನನ್ನ ಸ್ವಭಾವದಲ್ಲೇ ಇಲ್ಲ. ತರೀಕೆರೆಯಲ್ಲಿ ಹೈಸ್ಕೂಲು ಓದುವಾಗ ‘ಸಮುದ್ರಯಾನದ ಅನುಭವ’ ಎಂಬ ವಿಷಯದ ಮೇಲೆ ಆಶುಭಾಷಣ ಮಾಡಿ ಮೊದಲ ಬಹುಮಾನ ಗಳಿಸಿದವಳು ನಾನು. ಅದುವರೆಗೆ ನಾನು ನೋಡಿದ್ದ ಅತಿದೊಡ್ಡ ನೀರೆಂದರೆ ಊರಿನ ಕೆರೆ. ತೀರ್ಪುಗಾರರಲ್ಲೊಬ್ಬರು ಭಾಷಣ ಮುಗಿದ ಮೇಲೆ ನನ್ನನ್ನು ಕರೆದು, ಹಡಗಿನಲ್ಲಿ ವಾಂತಿಯಾಗುವುದು ನಿಜವೇ ಎಂದು ವಿಚಾರಿಸಿದರು. ಮೊದಲೆರಡು ದಿನ ಮಾತ್ರ ಎಂದೆ.

ಈಗ ನಾನು ಕಡೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ. ಕಾದಂಬರಿಯ ರೋಗ ಅಂಟಿದ್ದೂ ಅಲ್ಲೇ. ಒಂದು ಮಧ್ಯಾಹ್ನ ನಾನು ಹಳಗನ್ನಡ ಪಾಠ ಮಾಡುತ್ತಿದ್ದಾಗ ಸೈನ್ಸ್ ವಿಭಾಗದ ಹುಡುಗಿಯೊಬ್ಬಳು ಡೆಸ್ಕಿನ ಕೆಳಗೆ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕ ಓದುತ್ತಿದ್ದಳು. ಕಪ್ಪು ರಕ್ಷಾಪುಟ, ಅದರ ಮೇಲೆ ಚೂರಿ ಹಿಡಿದ ಹುಡುಗಿ, ಚೂರಿಯಿಂದ ರಕ್ತ. ಕಿತ್ತುಕೊಂಡೆ. ಇಂಥವನ್ನು ಓದಿದರೆ ಮನಸ್ಸು ಕೆಡುತ್ತದೆಂದು ಇಡೀ ತರಗತಿಗೆ ಹತ್ತು ನಿಮಿಷ ಬುದ್ಧಿ ಹೇಳಿದೆ. ಮನೆಗೆ ತಂದವಳು ಎಷ್ಟು ಕೆಡುತ್ತದೆ ನೋಡೋಣವೆಂದು ಒಂದು ಪುಟ ತೆರೆದೆ. ಮೂರನೆಯ ದಿನಕ್ಕೆ ಮುಗಿಯಿತು. ನಾಲ್ಕನೆಯ ದಿನ ಆ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆಸಿ, ಪುಸ್ತಕ ವಾಪಸ್ಸು ಕೊಟ್ಟು, ಎರಡನೆಯ ಭಾಗ ಇದೆಯೇ ಎಂದು ಮೆಲ್ಲಗೆ ಕೇಳಿದೆ. ಅವಳು ಕೊಟ್ಟಳು. ಮೂರನೆಯದನ್ನೂ ಕೊಟ್ಟಳು. ಮೂರೂ ಮುಗಿದಾಗ ನನಗನ್ನಿಸಿದ್ದು ಒಂದೇ: ಇಷ್ಟೇನಾ? ಅಲ್ಲಿ ಮಂಜಿನ ಬೆಟ್ಟ, ಡ್ರ್ಯಾಗನ್ನು. ನಮ್ಮಲ್ಲಿ ಯಗಟಿ ಕಡೆಯ ಬಯಲಿಲ್ಲವೇ, ಕುರಿಮಂದೆಗಳಿಲ್ಲವೇ, ಬುಕ್ಕಾಂಬುಧಿಯಂಥ ಕೆರೆಯಿಲ್ಲವೇ?

ಆ ಬೇಸಿಗೆ ರಜೆಯಲ್ಲೇ ಶುರುಮಾಡಿದೆ. ನನ್ನ ನಾಯಕಿಯ ಹೆಸರು ಕೆಂಚಿ. ಅವಳ ಊರನ್ನು ಬೂದಿದೊರೆ ಎಂಬ ದುಷ್ಟ ಸುಟ್ಟಿದ್ದಾನೆ. ಸತ್ತವರ ಪ್ರಾಣಗಳೆಲ್ಲ ನೂರು ಕುರಿಗಳೊಳಗೆ ಸೇರಿಕೊಂಡಿವೆ. ಅವನ್ನು ಹೊಡೆದುಕೊಂಡು ಬರಡುಸೀಮೆ ದಾಟಿ, ದೊಡ್ಡ ಕೆರೆಯ ತಳದಲ್ಲಿರುವ ಊರಿಗೆ ಮುಟ್ಟಿಸಿದರೆ ಅವರಿಗೆಲ್ಲ ಮರುಹುಟ್ಟು. ನನ್ನ ಪರಿಚಯದ ಪ್ರಕಾಶಕರೊಬ್ಬರು ಫೋನಿನಲ್ಲಿ ಕಥೆ ಕೇಳಿ ಖುಷಿಪಟ್ಟರು. ಆದರೆ ಈಗಿನ ಹುಡುಗರಿಗೆ ಬೆಣ್ಣೆಯಂಥ ಕಥೆ ಬೇಡ, ಒರಟಾಗಿರಲಿ, ಕಲ್ಲುಮುಳ್ಳು ಕಾಲಿಗೆ ಚುಚ್ಚುವ ಹಾಗಿರಲಿ ಎಂದರು. ಒರಟುತನಕ್ಕೇನು ಬರ? ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಕಂಬಳಿ ಹೊದ್ದು, ಬರಿಗಾಲಲ್ಲಿ ಮನೆಯ ತಾರಸಿಯ ಮೇಲೆ ಹದಿನೈದು ನಿಮಿಷ ನಡೆದೆ. ಪಕ್ಕದ ಮನೆಯವರು ನೋಡಿ, ಚಳಿಜ್ವರವಿರಬೇಕೆಂದು ನನ್ನ ಯಜಮಾನರಿಗೆ ಫೋನು ಮಾಡಿದರು. ಅವರು ಕರೆಂಟ್ ಆಫೀಸಿನಿಂದ ಓಡಿಬಂದರು. ವಿಷಯ ತಿಳಿದ ಮೇಲೆ ಒಂದು ಲೋಟ ಮಜ್ಜಿಗೆ ಕುಡಿದು ಆಫೀಸಿಗೆ ಹೋದರು. ಸಂಜೆ ಅವರನ್ನು ಕೂರಿಸಿಕೊಂಡು, ಕುರಿಯ ಮೈವಾಸನೆ ಹೇಗಿರುತ್ತದೆ, ಒಂದು ಒಳ್ಳೆಯ ಉಪಮೆ ಬೇಕಿತ್ತು ಎಂದೆ. “ಬೆಂದ ಮೇಲಿನ ವಾಸನೆ ಹೇಳ್ಬಲ್ಲೆ ಕಣೇ. ಅದಕ್ಕೂ ಮುಂಚಿಂದು ನಂಗೊತ್ತಿಲ್ಲ” ಎಂದರು. ಕುರಿಯ ಬಗ್ಗೆ ನಮ್ಮ ಮನೆಯ ಒಟ್ಟು ಜ್ಞಾನ ಅಷ್ಟು. ಆದರೂ ದಸರೆಯ ಹೊತ್ತಿಗೆ ಇನ್ನೂರು ಪುಟ ಬರೆದಿದ್ದೆ. ಸಮುದ್ರ ಕಾಣದೆ ಹಡಗು ನಡೆಸಿದವಳಿಗೆ ಕುರಿ ಯಾವ ಲೆಕ್ಕ?

ಡಿಸೆಂಬರಿನಲ್ಲಿ, ಸುಮ್ಮನೆ ಒಂದು ಖಾತ್ರಿಗಾಗಿ, ಕುರಿ ಗೊತ್ತಿರುವ ಯಾರಿಗಾದರೂ ಓದಿಸೋಣವೆನ್ನಿಸಿತು. ಸೆಕೆಂಡ್ ಪಿಯುಸಿ ಆರ್ಟ್ಸ್ ತರಗತಿಯಲ್ಲಿ ಯಾರ ಮನೆಯಲ್ಲಿ ಕುರಿ ಇವೆ ಎಂದು ಕೇಳಿದೆ. ಯಾರೂ ಕೈಯೆತ್ತಲಿಲ್ಲ. ಆಮೇಲೆ ಮುಂದಿನ ಬೆಂಚಿನವರು ಕೊನೆಯ ಬೆಂಚಿನ ಕಡೆ ತಿರುಗಿ ನೋಡಿದರು. ಅಲ್ಲಿ ರೇಣುಕಾ ಕೂತಿದ್ದಳು. ಯಗಟಿ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿ. ಬಂದ ದಿನ ಬಂದಳು, ಬಾರದ ದಿನ ಇಲ್ಲ. ಮಾತು ಕಡಿಮೆ. ಎರಡು ವರ್ಷದಲ್ಲಿ ಅವಳು ನನ್ನ ತರಗತಿಯಲ್ಲಿ ಬಾಯಿಬಿಟ್ಟು ಹೇಳಿದ್ದೆಂದರೆ “ಪ್ರೆಸೆಂಟ್ ಮೇಡಂ” ಅಷ್ಟೇ, ಅದೂ ಆಗಾಗ. ಅವಳನ್ನು ಸ್ಟಾಫ್ ರೂಮಿಗೆ ಕರೆದು ಹಸ್ತಪ್ರತಿ ಕೊಟ್ಟು, ತಪ್ಪೇನಾದರೂ ಇದ್ದರೆ ಪೆನ್ಸಿಲಿನಲ್ಲಿ ಗುರುತು ಹಾಕು ಎಂದೆ. ಒಂದೆರಡು ಕಾಗುಣಿತ ಸಿಗಬಹುದೇನೋ ಎಂದು ಉದಾರವಾಗಿ ನಕ್ಕೆ.

ವಾರದ ಮೇಲೆ ಅವಳು ಹಸ್ತಪ್ರತಿ ವಾಪಸ್ಸು ತಂದಳು. ನನ್ನ ಇನ್ನೂರು ಪುಟದ ಅಂಚುಗಳೆಲ್ಲ ಇರುವೆ ಸಾಲು ಹರಿದ ಹಾಗೆ ಪೆನ್ಸಿಲಿನ ಅಕ್ಷರ. ನನ್ನ ಕಾದಂಬರಿಯ ಅತ್ಯಂತ ರೋಮಾಂಚಕ ಅಧ್ಯಾಯದಲ್ಲಿ, ಸುಡುವ ಮಧ್ಯಾಹ್ನ, ಕೆಂಚಿಯ ನೂರು ಕುರಿಗಳು ಬೂದಿದೊರೆಯ ಸೈನ್ಯದ ಮೇಲೆ ನುಗ್ಗುತ್ತವೆ. ಬಿಸಿಲೇರಿದರೆ ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆಯಿಟ್ಟು ಗುಂಪಾಗಿ ನಿಂತುಬಿಡುತ್ತವೆ, ಯಾವ ರಾಜ ಬಂದರೂ ಕದಲುವುದಿಲ್ಲ, ಯುದ್ಧ ಬೆಳಿಗ್ಗೆ ಇಟ್ಟುಕೊಳ್ಳಿ ಎಂದು ಅವಳು ಬರೆದಿದ್ದಳು. ಇನ್ನೊಂದು ಕಡೆ ಮರಿಯೊಂದು ಸತ್ತಾಗ ಕೆಂಚಿ ಎರಡೂವರೆ ಪುಟ ಅಳುತ್ತಾಳೆ. ಆ ಪುಟಗಳ ಮೇಲೆ ನನಗೇ ವಿಶೇಷ ಪ್ರೀತಿಯಿತ್ತು. ರೇಣುಕಾ ಅಲ್ಲಿ ಬರೆದದ್ದು ಹೀಗೆ: ಅಷ್ಟು ಹೊತ್ತು ಅತ್ತರೆ ಹಾಲು ಹಾಳಾಗುತ್ತದೆ. ಸತ್ತ ಮರಿಯ ಮೈ ಒರೆಸಿದ ಬಟ್ಟೆಯಲ್ಲೇ ತಬ್ಬಲಿ ಮರಿಯನ್ನು ಒರೆಸಿ ತಾಯಿಕುರಿಯ ಮುಂದೆ ಬಿಡಬೇಕು. ಅದು ಮೂಸಿ ನೋಡಿ ತನ್ನದೇ ಅಂದುಕೊಂಡು ಹಾಲು ಕೊಡುತ್ತದೆ. ಅದು ಕೊಟ್ಟ ಮೇಲೆ ಬೇಕಾದರೆ ಅಳಬಹುದು. ಮತ್ತೊಮ್ಮೆ ಓದಿದೆ. ಕಂಬಳಿ ಹೊದ್ದು ತಾರಸಿಯ ಮೇಲೆ ಹುಡುಕಿದ ಒರಟುತನ ಈ ನಾಲ್ಕು ಸಾಲಿನಲ್ಲಿತ್ತು. ಒಂದು ಗಳಿಗೆ ಅವಳ ಮೇಲೆ ಹೊಟ್ಟೆಕಿಚ್ಚೂ ಆಯಿತು.

ಅವಳನ್ನು ಎದುರಿಗೆ ನಿಲ್ಲಿಸಿಕೊಂಡೇ ಪುಟ ತಿರುಗಿಸುತ್ತ ಏಳನೆಯ ಅಧ್ಯಾಯಕ್ಕೆ ಬಂದೆ. ಅದರಲ್ಲಿ ಕೆಂಚಿ ಒಂದು ಗುರುಕುಲದಲ್ಲಿ ವಿದ್ಯೆ ಕಲಿಯುತ್ತಿರುತ್ತಾಳೆ. ಕುರಿಗಳನ್ನು ಕಾಯಲು ನಡುವೆಯೇ ಬಿಟ್ಟು ಹೊರಡಬೇಕಾಗುತ್ತದೆ. ಗುರುಮಾತೆ ಅವಳ ತಲೆಯ ಮೇಲೆ ಕೈಯಿಟ್ಟು, ಹೋಗು ಮಗಳೇ, ದಾರಿಯೇ ನಿನ್ನ ಪಾಠಶಾಲೆ ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಗುರುಮಾತೆಯನ್ನು ಚಿತ್ರಿಸುವಾಗ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ ಎಂದು ನಾನು ಹೇಳುವುದಿಲ್ಲ. ಅವಳೂ ನನ್ನ ಹಾಗೆ ಕನ್ನಡಕ ಹಾಕುತ್ತಾಳೆ ಎಂದಷ್ಟೇ ಹೇಳುತ್ತೇನೆ. ಆ ಪುಟದ ಅಂಚಿನಲ್ಲಿ ಒಂದೇ ಸಾಲಿತ್ತು: “ಗುರುಗಳು ಅಟೆಂಡೆನ್ಸ್ ಕೇಳಲಿಲ್ವಾ?”

ನಾನು ಜೋರಾಗಿ ನಕ್ಕೆ. ಇಂಥ ಕಥೆಗಳಲ್ಲಿ ಹಾಜರಿ ಪುಸ್ತಕವೆಲ್ಲ ಇರುವುದಿಲ್ಲವಮ್ಮ, ಇದು ಕಲ್ಪನಾಲೋಕ ಎಂದು ವಿವರಿಸತೊಡಗಿದೆ. ರೇಣುಕಾ ನಗಲಿಲ್ಲ. ಚೀಲದಿಂದ ಮಡಿಸಿದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು.

“ಮೇಡಂ, ಈ ಲೆಟ್ರು ನಮ್ಮನೆಗೆ ಬಂದದೆ. ನಾಳೆಯಿಂದ ನಾನು ಬರಲ್ಲ. ನಿಮ್ಮ ಬುಕ್ಕು ಕೊಟ್ಟು ಹೋಗಣ ಅಂತ ಬಂದೆ.”

ಆ ಕಾಗದ ನನಗೆ ಚೆನ್ನಾಗಿ ಗೊತ್ತಿತ್ತು. ಬರೆದವಳೇ ನಾನು. ಹಾಜರಿ ಕಡಿಮೆಯಿದ್ದ ವಿದ್ಯಾರ್ಥಿಗಳ ಮನೆಗೆ ಕಳಿಸಲು ಪ್ರಿನ್ಸಿಪಾಲರು ಒಕ್ಕಣೆ ತಯಾರಿಸಲು ಹೇಳಿದಾಗ, ‘ತಮ್ಮ ಮಕ್ಕಳನ್ನು ಪರೀಕ್ಷೆಗೆ ಕೂರಿಸಲು ಸಾಧ್ಯವಾಗದೆಂದು ತಿಳಿಸಲು ವಿಷಾದಿಸುತ್ತೇವೆ’ ಎಂದು ಎರಡು ಸಲ ತಿದ್ದಿ ಬರೆದು, ವಾಕ್ಯ ಎಷ್ಟು ದುಂಡಗೆ ಬಂದಿದೆ ಎಂದು ಸಹೋದ್ಯೋಗಿಗಳಿಗೆ ಓದಿ ತೋರಿಸಿದ್ದೆ. ಕ್ಲಾಸ್ ಟೀಚರಾಗಿ ನನ್ನ ಸಹಿಯೂ ಇತ್ತು. ಕಾಗದಗಳ ಕಟ್ಟಿನಲ್ಲಿ ಯಾರ ಯಾರ ಹೆಸರಿದೆ ಎಂದು ನೋಡುವ ಗೋಜಿಗೆ ಹೋಗಿರಲಿಲ್ಲ. ಎಪ್ಪತ್ತೈದು ಪರ್ಸೆಂಟ್ ಬೇಕಾದ ಕಡೆ ರೇಣುಕಾಳದ್ದು ಅರವತ್ತೆರಡಿತ್ತು. ಯಾಕೆ ಬರಲಿಲ್ಲ ಎಂದು ಕೇಳಿದೆ. ಎರಡು ವರ್ಷದಲ್ಲಿ ಈ ಪ್ರಶ್ನೆ ಕೇಳಿದ್ದು ಅದೇ ಮೊದಲ ಸಲ. ಅವಳ ಅಪ್ಪ ಬೈಕಿನಿಂದ ಬಿದ್ದು ಕಾಲಿಗೆ ರಾಡ್ ಹಾಕಿದ್ದಾರಂತೆ. ಮಂದೆಯನ್ನು ಬುಕ್ಕಾಂಬುಧಿ ಕಡೆ, ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ನಿಲ್ಲಿಸುವ ಕಾಲ. ಅಮ್ಮನೊಬ್ಬಳಿಂದಲೇ ನೂರಿಪ್ಪತ್ತು ಕುರಿ ನೋಡಿಕೊಳ್ಳಲಾಗದು. ಹಾಗಾಗಿ ಇವಳು ಒಂದು ವಾರ ಕಾಲೇಜು, ಒಂದು ವಾರ ಮಂದೆ. ನನ್ನ ಕೆಂಚಿ ಬೂದಿದೊರೆಯ ವಿರುದ್ಧ ಯಾವ ಕೆರೆಯ ಕಡೆ ನಡೆಯುತ್ತಿದ್ದಳೋ ಅದೇ ಕೆರೆಯ ಆಚೆದಡದಲ್ಲಿ ಈ ಹುಡುಗಿ ರಾತ್ರಿ ಹೊತ್ತು ಬೇಲಿಯ ಹಾಗೆ ಸುತ್ತ ಬಲೆ ಕಟ್ಟಿ ಕುರಿ ಕೂಡುತ್ತಿದ್ದಳು. ನಾನು ಕೆಂಚಿಗೆ ಆಶೀರ್ವಾದವನ್ನೂ ಇವಳಿಗೆ ವಿಷಾದವನ್ನೂ ಕಳಿಸಿದ್ದೆ.

ನಾಳೆ ತಪ್ಪದೆ ಬಾ ಎಂದು ಅವಳಿಗೆ ಹೇಳಿ, ನೇರ ಪ್ರಿನ್ಸಿಪಾಲರ ಕೋಣೆಗೆ ಹೋದೆ. ನಮ್ಮ ಪ್ರಿನ್ಸಿಪಾಲರು ಕೆಟ್ಟವರಲ್ಲ. ಆದರೆ ಕಾಗದವಿಲ್ಲದೆ ಉಸಿರಾಡುವವರೂ ಅಲ್ಲ. ಕಾಯಿಲೆಯಾಗಿದ್ದರೆ ಮೆಡಿಕಲ್ ಸರ್ಟಿಫಿಕೇಟ್ ಕೊಡಿ, ನೋಡೋಣ ಎಂದರು. ಕಾಯಿಲೆ ಅಪ್ಪನಿಗೆ ಎಂದೆ. ಹಾಗಾದರೆ ಅಪ್ಪ ಪರೀಕ್ಷೆಗೆ ಕೂರಬಹುದು ಎಂದರು. ಅರ್ಧ ಗಂಟೆ ವಾದಿಸಿದೆ. ವಾದಿಸುವುದರಲ್ಲಿ ನನ್ನನ್ನು ಸೋಲಿಸಿದವರು ಕಡೂರಿನಲ್ಲಿ ಇನ್ನೂ ಹುಟ್ಟಿಲ್ಲ. ಸುಳ್ಳು ಹಾಜರಿ ಹಾಕಿ ಎಂದು ನಾನು ಕೇಳಲಿಲ್ಲ, ಅವರೂ ಒಪ್ಪುತ್ತಿರಲಿಲ್ಲ. ಕೊನೆಗೆ ಅವರೇ ಕ್ಯಾಲ್ಕುಲೇಟರ್ ತೆಗೆದರು. ಉಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸದೆ ಬಂದು, ಜೊತೆಗೆ ದಿನಾ ಒಂದೂವರೆ ಗಂಟೆ ವಿಶೇಷ ತರಗತಿಗೆ ಕೂತರೆ ಹೇಗೋ ಎಪ್ಪತ್ತೈದು ಮುಟ್ಟುತ್ತದೆ, ಆದರೆ ಹಾಜರಿ ಕಡಿಮೆಯಿರುವ ಒಂಬತ್ತೂ ಜನಕ್ಕೆ ಆ ತರಗತಿ ನಡೆಯಬೇಕು, ಯಾರು ನಡೆಸುತ್ತಾರೆ ಎಂದರು. ನಾನೇ ಎಂದೆ. ಹಾಗೆ ಹೇಳಿದ ಮೇಲೆ, ದಿನಕ್ಕೆ ಕಾದಂಬರಿ ಬರೆಯಲು ನನಗೆ ಸಿಗುತ್ತಿದ್ದದ್ದೂ ಅದೇ ಒಂದೂವರೆ ಗಂಟೆ ಎಂಬುದು ನೆನಪಾಯಿತು.

ಆ ಭಾನುವಾರ ಅವಳ ಅಪ್ಪನನ್ನು ಒಪ್ಪಿಸಲು ಯಗಟಿ ಬಸ್ಸು ಹತ್ತಿದೆ. ಹೆಣ್ಣುಮಕ್ಕಳ ವಿದ್ಯೆಯ ಮೇಲೆ ಒಂದು ಭಾಷಣ ಬಸ್ಸಿನಲ್ಲೇ ಸಿದ್ಧವಾಯಿತು. ಮನೆ ಮುಂದೆ ಇಳಿಬಿದ್ದ ತೆಂಗಿನ ಗರಿಯ ನೆರಳಲ್ಲಿ ಮರಿಗಳಿದ್ದ ಕೆಲವು ಕುರಿ, ಒಂದು ದೊಡ್ಡ ಟಗರು ನಿಂತಿದ್ದವು. ನೂರು ಕುರಿಗಳನ್ನು ಯುದ್ಧಕ್ಕೆ ಕಳಿಸಿದ ಸೇನಾಧಿಪತಿ ನಾನು. ಟಗರು ತಲೆಯೆತ್ತಿ ನನ್ನತ್ತ ಎರಡು ಹೆಜ್ಜೆ ಇಟ್ಟಿತು. ನಾನು ಜಗುಲಿ ಹತ್ತಿದ್ದು ಹೇಗೆಂದು ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಒಂದು ಚಪ್ಪಲಿ ಮಾತ್ರ ಅಂಗಳದಲ್ಲೇ ಉಳಿಯಿತು. ರೇಣುಕಾ ಬಂದು ಟಗರಿನ ಕೊಂಬು ಹಿಡಿದು, ಅದಕ್ಕೆ ಏನೋ ಬೈದು ಆಚೆಗೆ ದೂಡಿ, ಚಪ್ಪಲಿ ತಂದುಕೊಟ್ಟಳು. ಒಳಗೆ ಅವಳ ಅಪ್ಪ ಮಂಚದ ಮೇಲೆ ಕಾಲು ನೀಡಿ ಕೂತಿದ್ದರು. ಕುರ್ಚಿ ಹಾಕಿಸಿದರು, ಎಳನೀರು ತರಿಸಿದರು. ನಾನು ಭಾಷಣ ಶುರುಮಾಡಿದೆ. ಹೆಣ್ಣುಮಗಳ ಓದು ನಿಲ್ಲಿಸುವುದು ಎಷ್ಟು ದೊಡ್ಡ ಅನ್ಯಾಯ ಎಂಬಲ್ಲಿಗೆ ಬಂದಾಗ ಅವರು ಕೈಯೆತ್ತಿ, ಬಲು ಮರ್ಯಾದೆಯಿಂದ ನನ್ನನ್ನು ತಡೆದರು.

“ಮೇಡಮ್ಮೋರೆ, ನಾನು ಓದ್ಬೇಡ ಅಂದಿಲ್ಲ ಕಣಮ್ಮ. ನೀವೇ ಬ್ಯಾಡ ಅಂತ ಕಾಗದ ಕಳಿಸಿದ್ರಿ. ಎರಡು ಸತಿ ಓದಿಸ್ಕಂಡೆ. ಬಾಳ ಚೆನ್ನಾಗಿ ಬರ್ದಿದ್ರಿ.”

ನನ್ನ ಬರವಣಿಗೆಯನ್ನು ಯಾರಾದರೂ ಮನಸಾರೆ ಹೊಗಳಲಿ ಎಂದು ಎಷ್ಟು ವರ್ಷದಿಂದ ಕಾದಿದ್ದೆ. ಹೊಗಳಿಕೆ ಬಂತು, ತಲೆಯೆತ್ತಿ ಸ್ವೀಕರಿಸಲಾಗಲಿಲ್ಲ. ಎಳನೀರಿನ ಬುರುಡೆಯೊಳಗೆ ನೋಡುತ್ತ, ತಪ್ಪು ನನ್ನದು, ಕೇಳದೆ ಕಳಿಸಿದೆ ಎಂದೆ. ಈ ಮಾತನ್ನು ನಾನು ಜೀವನದಲ್ಲಿ ಹೆಚ್ಚು ಸಲ ಆಡಿದವಳಲ್ಲ. ನನ್ನ ಯಜಮಾನರಿಗೆ ಹೇಳಿದಾಗ ಅವರು ನಂಬಲೇ ಇಲ್ಲ. ಆದರೆ ಆಡಿದ ಮೇಲೆ ಕೆಲಸ ಸಲೀಸಾಯಿತು. ರೇಣುಕಾಳ ಅಪ್ಪನ ತಮ್ಮನ ಮಂದೆ ಸಂಕ್ರಾಂತಿ ಹೊತ್ತಿಗೆ ಈ ಕಡೆಗೇ ಬರುವುದಿತ್ತಂತೆ. ಈಗಲೇ ಬರಲು ಹೇಳಿ ಎರಡೂ ಮಂದೆ ಒಟ್ಟಿಗೆ ಸೇರಿಸುತ್ತೇನೆ, ಹುಡುಗಿಯನ್ನು ಕಳಿಸುತ್ತೇನೆ ಎಂದರು. ನನ್ನ ಭಾಷಣದ ಉಳಿದ ಭಾಗವನ್ನು ಹಾಗೆಯೇ ವಾಪಸ್ಸು ತಂದೆ.

ವಿಶೇಷ ತರಗತಿ ಬೆಳಿಗ್ಗೆ ಇಡೋಣವೆಂದರೆ ಯಗಟಿಯಿಂದ ಬರುವ ಬಸ್ಸು ಅಷ್ಟು ಬೇಗ ಇರಲಿಲ್ಲ. ಸಂಜೆ ನಾಲ್ಕರಿಂದ ಐದೂವರೆ ಎಂದಾಯಿತು. ಒಂಬತ್ತು ಜನ ಗೈರುಹಾಜರಿ ವೀರರು ನನ್ನ ಮುಂದೆ ಕೂತರು. ಮೊದಲ ವಾರ ಆಕಳಿಸಿದರು. ಒಬ್ಬೊಬ್ಬರನ್ನೂ ಯಾಕಪ್ಪಾ ತಪ್ಪಿಸಿದೆ, ಯಾಕಮ್ಮ ತಪ್ಪಿಸಿದೆ ಎಂದು ಕೇಳಿದೆ. ಒಬ್ಬ ಅಜ್ಜಂಪುರದಲ್ಲಿ ಮಾವನ ಅಂಗಡಿ ನೋಡಿಕೊಂಡಿದ್ದ. ಒಬ್ಬಳು ಅಕ್ಕನ ಬಾಣಂತನ ನೋಡಿಕೊಳ್ಳಲು ನಿಂತಿದ್ದಳು. ಇಬ್ಬರು ಸುಮ್ಮನೆ ರೈಲ್ವೆ ಸ್ಟೇಷನ್ನಿನಲ್ಲಿ ಕೂತಿದ್ದರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಿ ಬೈದೆ. ಪಾಠ ಬೇಸರವಾದಾಗ ಕೊನೆಯ ಹತ್ತು ನಿಮಿಷ ಕೆಂಚಿಯ ಕಥೆ ಓದುತ್ತಿದ್ದೆ. ಅವರು ಯಾವ ಮುಲಾಜೂ ಇಟ್ಟುಕೊಳ್ಳಲಿಲ್ಲ. ಗುರುಮಾತೆ ಬಂದಾಗಲೆಲ್ಲ ರೈಲ್ವೆ ಸ್ಟೇಷನ್ನಿನ ಇಬ್ಬರೂ ಗಡಿಯಾರ ನೋಡುತ್ತಿದ್ದರು. ನಾನು ಅವಳ ಮಾತು ಕತ್ತರಿಸುತ್ತ ಬಂದೆ, ಕಡೆಗೆ ಅವಳ ಪಾಲಿಗೆ ಉಳಿದದ್ದು “ಊಟ ಕಟ್ಟಿಕೊಂಡಿದ್ದೀಯಾ?” ಎಂಬ ಒಂದೇ ಪ್ರಶ್ನೆ. ಅದನ್ನು ಓದಿದ ದಿನ ಆ ಇಬ್ಬರೂ ಗಡಿಯಾರ ನೋಡಲಿಲ್ಲ. ಬೂದಿದೊರೆಯ ಯುದ್ಧ ಬೆಳಗಿನ ಹೊತ್ತಿಗೆ ಹೋಯಿತು. ಎರಡೂವರೆ ಪುಟದ ಅಳು ಹೋಗಿ, ಒಂದು ಬಟ್ಟೆ, ಒಂದು ತಬ್ಬಲಿ ಮರಿ, ಮೂಸಿ ನೋಡುವ ತಾಯಿ ಬಂದವು.

ರೇಣುಕಾ ಒಂದು ದಿನವೂ ತಪ್ಪಿಸಲಿಲ್ಲ. ಪರೀಕ್ಷೆಗೆ ಕೂತಳು, ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಎಲ್ಲ ವಿಷಯದಲ್ಲೂ ಒಳ್ಳೆಯ ಅಂಕ ಬಂದು ಕನ್ನಡದಲ್ಲಿ ಮಾತ್ರ ತುಸು ಕಡಿಮೆ ಬಂತು. ಅದರ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ. ಈಗ ಅವಳು ತರೀಕೆರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದಾಳೆ. ಕಾದಂಬರಿಯೂ ಅಚ್ಚಾಯಿತು. ಅರ್ಪಣೆಯ ಪುಟದಲ್ಲಿ ಅವಳ ಹೆಸರಿದೆ. ಕುರಿಗಳ ಬಗ್ಗೆ ಲೇಖಕಿಗಿರುವ ಆಳವಾದ ಅನುಭವವನ್ನು ಬೆನ್ನುಡಿಯಲ್ಲಿ ಪ್ರಕಾಶಕರು ಕೊಂಡಾಡಿದ್ದಾರೆ. ತಿದ್ದಿಸೋಣವೆಂದುಕೊಂಡೆ. ಆಮೇಲೆ ಇರಲಿ ಬಿಡು ಎನ್ನಿಸಿತು.

ಹೋದ ತಿಂಗಳು ಒಂದು ಬೆಳಿಗ್ಗೆ ರೇಣುಕಾಳ ಅಪ್ಪನ ಫೋನು ಬಂತು. ಮಗಳು ರಜೆಗೆ ಬಂದಾಗ ದಿನಾ ಸ್ವಲ್ಪ ಸ್ವಲ್ಪ ಓದಿ ಹೇಳಿದಳಂತೆ, ಇಡೀ ಪುಸ್ತಕ ಮುಗಿಯಿತಂತೆ. ತೋಳದ ಭಾಗ ಚೆನ್ನಾಗಿದೆ ಎಂದರು. ಬಲೆ ಕಟ್ಟುವುದು ಸರಿಯಾಗಿದೆ ಎಂದರು. ನನ್ನ ಎದೆ ಉಬ್ಬಿತು. ಆಮೇಲೆ ಸ್ವಲ್ಪ ಸಂಕೋಚದಿಂದ, ಒಂದು ಮಾತು ಕೇಳಲೇ ಎಂದರು. ಧಾರಾಳವಾಗಿ ಕೇಳಿ ಎಂದೆ. ಆ ಹುಡುಗಿ ನೂರು ಕುರಿ ಹೊಡೆದುಕೊಂಡು ಬರಡುಸೀಮೆಯಲ್ಲಿ ಐದು ದಿನ ನಡೆಯುತ್ತಾಳಲ್ಲ, ನೀರು ಎಲ್ಲಿ ಕುಡಿಸಿದಳು ಎಂದರು.

ನಾನು ಪುಸ್ತಕ ತೆರೆದು ನೋಡಿದೆ. ಐದು ದಿನ, ಮೂವತ್ತೆಂಟು ಪುಟ. ಕೆಂಚಿ ಎರಡು ಸಲ ಕುಡಿದಿದ್ದಾಳೆ. ಬೂದಿದೊರೆಯ ಕುದುರೆಗೂ ಒಂದು ಸಲ ನೀರು ಸಿಕ್ಕಿದೆ. ಕುರಿಗಳಿಗೆ ಒಂದು ಹನಿಯೂ ಇಲ್ಲ. ರೇಣುಕಾ ಬರೆದ ಅಂಚುಗಳಲ್ಲೂ ಇದು ಇರಲಿಲ್ಲ. ಆ ಮೂವತ್ತೆಂಟು ಪುಟ ನಾನು ಆಮೇಲೆ ಸೇರಿಸಿದ್ದು, ಯಾರಿಗೂ ತೋರಿಸದೆ, ಪೂರ್ಣ ಆತ್ಮವಿಶ್ವಾಸದಿಂದ. ಆದರೂ ಸೋಲೊಪ್ಪುವುದು ಹೇಗೆ? ಗಂಟಲು ಸರಿಮಾಡಿಕೊಂಡು, ಅವು ಮಾಯದ ಕುರಿ, ಅವಕ್ಕೆ ನೀರು ಬೇಕಾಗುವುದಿಲ್ಲ ಎಂದೆ. ಆ ಕಡೆ ಯಾವುದೋ ಕುರಿ ಒದರಿದ್ದು ಕೇಳಿಸಿತು.

“ಹಂಗಾದ್ರೆ ಸರಿ ಬಿಡಿ ಕಣಮ್ಮ,” ಎಂದರು ಅವರು. “ಆದ್ರೂ ಒಂದ್ಸತಿ ಅವನ್ನ ಕೇಳಬೇಕಿತ್ತು.”

ಎರಡನೆಯ ಮುದ್ರಣವಾದಾಗ ಸರಿಮಾಡೋಣ ಎಂದು ಪ್ರಕಾಶಕರು ಹೇಳಿದ್ದಾರೆ. ಎರಡನೆಯ ಮುದ್ರಣ ಆಗುತ್ತದೆಂಬ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಅಲ್ಲಿಯವರೆಗೆ ಕುರಿಗಳು ಕಾಯಬೇಕಲ್ಲ. ಹಾಗಾಗಿ ನಮ್ಮ ಮನೆಯ ಬೀರುವಿನಲ್ಲಿ ಉಳಿದಿರುವ ಪ್ರತಿಗಳನ್ನು ಒಂದೊಂದಾಗಿ ತೆಗೆದು, ನೂರ ಹನ್ನೆರಡನೆಯ ಪುಟದ ಅಂಚಿನಲ್ಲಿ ನನ್ನ ಕೈಯಾರೆ ಬರೆಯುತ್ತಿದ್ದೇನೆ: ‘ಅಷ್ಟರಲ್ಲಿ ಒಂದು ಹೊಂಡ ಸಿಕ್ಕಿತು. ಮಂದೆಗೆಲ್ಲ ಹೊಟ್ಟೆತುಂಬ ನೀರು ಕುಡಿಸಿದಳು.’ ನಲವತ್ತು ಪ್ರತಿ ಮುಗಿದಿವೆ. ಯಜಮಾನರು ಪಕ್ಕದಲ್ಲಿ ಕೂತು ಶಾಯಿ ಒಣಗಿಸಲು ಪುಟಕ್ಕೆ ಗಾಳಿ ಬೀಸುತ್ತಿದ್ದಾರೆ.